ಗೇಟಿನ ಎದುರಿಗೆ ಏನಿದೆ ಎಂದು ಕೇಳುತ್ತಿದ್ದ ಅಕ್ಕ

ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಸಂಚಿಕೆ ತರುತ್ತಿದ್ದಾರೆ, ಅದರಲ್ಲಿ ಅಕ್ಕನ ಬಗ್ಗೆ ಅರ್ಧ ಪುಟ ನೀನೇ ಬರೆದುಕೊಡಬೇಕು ಎಂದು ಭಾವ ಫೋನ್ ಮಾಡಿದಾಗ ನಾನು ಡಬ್ಲಿನ್ ಬಳಿಯ ಲೀಕ್ಸ್‌ಲಿಪ್ಪಿನ ಅಂಗಡಿಯೊಂದರಲ್ಲಿ ಮೊಸರಿನ ಡಬ್ಬಿ ಹಿಡಿದುಕೊಂಡು ನಿಂತಿದ್ದೆ. ಅಕ್ಕ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. "ನಿನಗಿಂತ ಚೆನ್ನಾಗಿ ಅವಳು ಇನ್ಯಾರಿಗೆ ಗೊತ್ತು?" ಎಂದರು. "ಆಯ್ತು ಭಾವ" ಎಂದೆ. ಆಯ್ತು ಎನ್ನುವುದು ನನಗೆ ಮೊದಲಿನಿಂದಲೂ ಬಹಳ ಸುಲಭ.

ಅರ್ಧ ಪುಟವನ್ನು ಅವತ್ತು ಸಂಜೆಯೇ ಬರೆದೆ. ಅನ್ನಪೂರ್ಣೆ, ತಾಯಿಹೃದಯ, ತುಂಬಲಾರದ ನಷ್ಟ, ಎಲ್ಲವೂ ಇತ್ತು. ಓದಿದರೆ ನನಗೇ ಹೇಸಿಗೆಯಾಯಿತು. ಅದನ್ನು ಹರಿದು ಹಾಕಿ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಅತ್ಲೋನಿನಲ್ಲಿ ಎಂಎಸ್ಸಿ ಓದಲು ಮೈಸೂರಿನಿಂದ ಬಂದಿಳಿದ ದಿನ, ಮಾತಾಡಿಟ್ಟಿದ್ದ ಮನೆಯವರು ಕೈಕೊಟ್ಟರು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ನಂಬರ್ ಕೊಟ್ಟರು. ಫೋನ್ ಮಾಡಿದರೆ ಆ ಕಡೆಯಿಂದ ಹಲೋ ಕೂಡ ಇಲ್ಲ. "ಎಲ್ಲಿದ್ದೀಯ ಈಗ? ಸ್ಟೇಷನ್ನಲ್ಲಾ? ಅಲ್ಲೇ ಇರು, ಅಲ್ಲಾಡಬೇಡ." ಹತ್ತು ನಿಮಿಷಕ್ಕೆ ಒಬ್ಬ ಗಿಡ್ಡ ಹೆಂಗಸು ಬಂದರು. ಗಂಡಸರ ಕಾರ್ಡಿಗನ್ನು, ಎಣ್ಣೆ ಹಾಕಿ ಬಿಗಿದ ತುರುಬು, ತುರುಬಿನಲ್ಲಿ ಒಂದು ಪೆನ್ಸಿಲ್. ನನ್ನನ್ನು ನೋಡುವ ಮೊದಲು ಸೂಟ್‌ಕೇಸನ್ನು ನೋಡಿ, "ಇದರಲ್ಲಿ ಅರ್ಧ ಚಟ್ನಿಪುಡಿ ಇರತ್ತೆ ಅಲ್ವಾ? ನಡಿ" ಎಂದರು. ಅರ್ಧ ಚಟ್ನಿಪುಡಿಯೇ ಇತ್ತು. ಒಂದೂವರೆ ವರ್ಷ ಅವರ ಮನೆಯ ಮಹಡಿ ಕೋಣೆಯಲ್ಲಿದ್ದೆ.

ಭಾವ ಡಬ್ಲಿನ್ನಿನ ಬ್ಯೂಮಾಂಟ್‌ನಲ್ಲಿ ಆಸ್ಪತ್ರೆಯ ನರ್ಸ್. ವಾರವೆಲ್ಲ ಅಲ್ಲೊಂದು ರೂಮು, ಶುಕ್ರವಾರ ಸಂಜೆ ರೈಲು. ಇಪ್ಪತ್ತು ವರ್ಷ ಈ ದೇಶದಲ್ಲಿದ್ದು ಅವರ ಬಾಯಿಗೆ ಒಂದೇ ಮಾತು ಅಂಟಿಕೊಂಡಿತ್ತು, ಗ್ರ್ಯಾಂಡ್. ಇಲ್ಲಿಯವರ ಬಾಯಲ್ಲಿ ಅದಕ್ಕೆ ಸರಿ, ಪರವಾಗಿಲ್ಲ ಎಂದಷ್ಟೇ ಅರ್ಥ. ಸಾರು ಹೇಗಿದೆ ಎಂದರೂ ಗ್ರ್ಯಾಂಡ್, ರೈಲು ಒಂದು ಗಂಟೆ ತಡವಾಯಿತಂತಲ್ಲ ಎಂದರೂ ಗ್ರ್ಯಾಂಡ್. "ಈ ಮನುಷ್ಯನಿಗೆ ಉಪ್ಪು ಹೆಚ್ಚಾದ್ರೂ ಗ್ರ್ಯಾಂಡು, ನಾಳೆ ನಾನು ಸತ್ರೂ ಗ್ರ್ಯಾಂಡು" ಎಂದು ಅಕ್ಕ ರೇಗುತ್ತಿದ್ದರು. ಭಾವ ಅದಕ್ಕೂ ಗ್ರ್ಯಾಂಡ್ ಎನ್ನುತ್ತಿದ್ದರು. ಅಕ್ಕನಿಗೆ ನಗು ಬಂದರೆ ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಅವರೇನೂ ದೇವತೆಯಲ್ಲ, ಆ ಮಾತು ಮೊದಲೇ ಹೇಳಿಬಿಡಬೇಕು. ಸಂಘದ ಅಡುಗೆಯಲ್ಲಿ ಬೇರೆಯವರು ಮಾಡಿದ ಪುಳಿಯೋಗರೆ ಗೊಜ್ಜನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು ಏನೂ ಹೇಳದೆ ಹಿಂದಿರುಗಿಸುತ್ತಿದ್ದರು, ಮಾಡಿದವರಿಗೆ ಅದೇ ಸಾಕು. ಪಾತ್ರೆ ತೊಳೆದಿಟ್ಟರೆ ಮತ್ತೆ ತೊಳೆಯುತ್ತಿದ್ದರು. ಅವರ ಮುಂದೆ ಆಡಬಾರದ ಮಾತೆಂದರೆ "ಅಡ್ಜಸ್ಟ್ ಮಾಡ್ಕೊಳ್ಳಿ". ನಾನೊಮ್ಮೆ ಆಡಿ ಸಿಕ್ಕಿಬಿದ್ದಿದ್ದೆ. "ಅಡ್ಜಸ್ಟು ಅಂದ್ರೆ ಏನು ಗೊತ್ತಾ? ಯಾರೋ ಒಬ್ಬರು ನುಂಗ್ಕೋಬೇಕು. ಯಾರು ಅಂತ ಮೊದಲು ಹೇಳು, ಆಮೇಲೆ ಅಡ್ಜಸ್ಟ್ ಮಾಡ್ಕೊಳ್ಳೋಣ" ಎಂದಿದ್ದರು.

ಅಕ್ಕ ಬೆಂಗಳೂರಿನವರು, ಚಾಮರಾಜಪೇಟೆ. ಮದುವೆಗೆ ಮೊದಲು ವಿಮಾನದ ಸರಕಿಗೆ ಕಾಗದಪತ್ರ ಮಾಡಿಸಿಕೊಡುವ ಏಜೆಂಟರೊಬ್ಬರ ಆಫೀಸಿನಲ್ಲಿದ್ದರು. ಅತ್ಲೋನಿನಲ್ಲೂ ಅದೇ ಕೆಲಸ ಸಿಕ್ಕಿತು. ಊರಾಚೆಯ ಒಂದು ಸಣ್ಣ ಕಾರ್ಖಾನೆ. ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರುಗಳನ್ನು ಮಾಡುತ್ತಿದ್ದರು. ಅದು ಯಾವುದರೊಳಗಿರುತ್ತದೋ ಆ ಯಂತ್ರಕ್ಕೆ ತಾನು ಎತ್ತ ವಾಲಿದ್ದೇನೆ, ಎತ್ತ ತಿರುಗಿದ್ದೇನೆ ಎಂಬುದು ಗೊತ್ತಾಗುತ್ತದೆ. ಮೀನುದೋಣಿಗೂ ಬೇಕು, ಟ್ರ್ಯಾಕ್ಟರಿಗೂ ಬೇಕು. ಹಾರಿ ಹೋಗಿ ಬಿದ್ದು ಸಿಡಿಯುವ ಯಂತ್ರಗಳಿಗೂ ಬೇಕು. ಹಾಗಾಗಿ ಹೊರದೇಶಕ್ಕೆ ಹೋಗುವ ಪ್ರತಿ ಪೆಟ್ಟಿಗೆಯ ಜೊತೆ ಒಂದು ಕಾಗದ ಇರಬೇಕು: ಕೊಂಡವರು ಯಾರು, ಯಾತಕ್ಕೆ ಬಳಸುತ್ತಾರೆ. ಆ ಕಾಗದಕ್ಕೆ ಸಹಿ ಹಾಕುವ ಕುರ್ಚಿ ಅಕ್ಕನದು.

ಸಹಿಗೆ ಮೊದಲು ಅವರದೊಂದು ಪದ್ಧತಿ ಇತ್ತು. ಹೊಸ ಗಿರಾಕಿಯಾದರೆ ಕಾಗದದಲ್ಲಿರುವ ನಂಬರಿಗೆ ಫೋನ್ ಮಾಡುವುದು. ಹವಾಮಾನ, ಆರೋಗ್ಯ, ಎಲ್ಲ ಆದಮೇಲೆ ಮೆಲ್ಲಗೆ ಒಂದು ಪ್ರಶ್ನೆ: "ಡ್ರೈವರಿಗೆ ಗುರುತು ಹೇಳಬೇಕು, ನಿಮ್ಮ ಗೇಟಿನ ಎದುರಿಗೆ ಏನಿದೆ?" ಬೆಂಗಳೂರಿನ ಹಳೆಯ ಏಜೆಂಟರು ಕಲಿಸಿದ ಉಪಾಯವಂತೆ ಅದು. "ವಿಳಾಸ ಯಾರು ಬೇಕಾದ್ರೂ ಬರೀತಾರೆ ಕಣೇ. ದಿನಾ ಬಾಗಿಲು ತೆಗೆಯೋನಿಗೆ ಮಾತ್ರ ಎದುರಿಗೆ ಏನಿದೆ ಅಂತ ಗೊತ್ತಿರತ್ತೆ." ನಿಜವಾದ ಗೇಟಿದ್ದವರು ಥಟ್ಟನೆ ಹೇಳುತ್ತಾರೆ, ಟೈರ್ ಅಂಗಡಿ, ಚರ್ಚು, ಒಣಗಿದ ಮರ. ಕೆಲವರು ಎದುರುಮನೆಯವರ ಜಗಳವನ್ನೂ ಹೇಳುತ್ತಿದ್ದರಂತೆ.

ಓದು ಮುಗಿದ ಮೇಲೆ ಅಕ್ಕನ ಶಿಫಾರಸಿನಿಂದಲೇ ನನಗೂ ಅಲ್ಲಿ ಕೆಲಸವಾಯಿತು, ಸೆನ್ಸರುಗಳ ಪರೀಕ್ಷೆಯ ವಿಭಾಗದಲ್ಲಿ. ಬೇರೆ ಮನೆ ಮಾಡಿದೆ. ಆದರೂ ಮಧ್ಯಾಹ್ನದ ಊಟ ಅಕ್ಕನ ಚೀಲದಿಂದಲೇ. ಹಸಿರು ಬಟ್ಟೆಯ ಚೀಲ, ಅದರೊಳಗೆ ಸ್ಟೀಲ್ ಕ್ಯಾರಿಯರ್, ಕೆಳಗಿನ ಡಬ್ಬಿ ಮೊಸರನ್ನ. ಕ್ಯಾಂಟೀನಿನಲ್ಲಿ ಆ ಚೀಲಕ್ಕೆ ಕೈಹಾಕುತ್ತಿದ್ದವರು ನಾವಿಬ್ಬರೇ. ಉಳಿದವರಿಗೆ ಇಂಗಿನ ವಾಸನೆಯ ಹೆದರಿಕೆ.

ಉಕ್ರೇನಿನಲ್ಲಿ ಯುದ್ಧ ಶುರುವಾಯಿತು. ಅತ್ಲೋನಿನ ಹೋಟೆಲುಗಳಲ್ಲಿ ಅಲ್ಲಿಂದ ಓಡಿ ಬಂದವರು ತುಂಬಿಕೊಂಡರು. ಅವರಲ್ಲಿ ಒಬ್ಬಾಕೆ ನಮ್ಮ ಪ್ಯಾಕಿಂಗ್ ವಿಭಾಗಕ್ಕೆ ಸೇರಿದಳು. ಇಂಗ್ಲಿಷ್ ಹೆಚ್ಚು ಬರದು, ಪೆಟ್ಟಿಗೆ ಕಟ್ಟುವುದರಲ್ಲಿ ಅವಳ ಸಮಕ್ಕೆ ಯಾರೂ ಇರಲಿಲ್ಲ. ಅದೇ ಹೊತ್ತಿಗೆ ಯುದ್ಧಕ್ಕೂ ತನಗೂ ಸಂಬಂಧವಿಲ್ಲವೆನ್ನುವ ಇನ್ನೊಂದು ದೇಶದಿಂದ, ಹೊಸ ವ್ಯಾಪಾರಿಯೊಬ್ಬನಿಂದ, ಆರ್ಡರ್ ಮೇಲೆ ಆರ್ಡರ್ ಬರತೊಡಗಿತು. ಟ್ರ್ಯಾಕ್ಟರಿಗೆ ಎಂದು ಬರೆದಿತ್ತು. ಅಕ್ಕ ಫೋನ್ ಮಾಡಿದರು. ಗೇಟಿನ ಎದುರಿಗೆ ಏನಿದೆ? ಒಬ್ಬ ಸ್ಕೂಲು ಎಂದ. ಮುಂದಿನ ವಾರ ಬೇರೊಬ್ಬ ಪೆಟ್ರೋಲ್ ಬಂಕ್ ಎಂದ. ಮೂರನೆಯ ಸಲ ಫೋನ್ ಎತ್ತಿದವನು ಸ್ವಲ್ಪ ಹೊತ್ತು ಸುಮ್ಮನಿದ್ದು ಇಟ್ಟುಬಿಟ್ಟ.

ಸರಕು ಅಲ್ಲಿಂದ ಆ ಯುದ್ಧಕ್ಕೇ ಹೋಗುತ್ತಿರಬಹುದು ಎಂದು ಅಕ್ಕ ಮ್ಯಾನೇಜರನ ಬಳಿ ಹೋದರು. ಆತ ಬಹಳ ಒಳ್ಳೆಯ ಮಾತಿನವನು, ಎಲ್ಲರ ಮಕ್ಕಳ ಹೆಸರೂ ಗೊತ್ತು. ನಮ್ಮದು ನ್ಯೂಟ್ರಲ್ ದೇಶ, ನಾವು ಯಾರ ಕಡೆಯೂ ಅಲ್ಲ, ಸೆನ್ಸರು ಮಾಡುತ್ತೇವೆ, ಕಾಗದ ಸರಿಯಿದ್ದರೆ ಕಳಿಸುತ್ತೇವೆ ಎಂದನಂತೆ. ಊಟದ ಹೊತ್ತಿಗೆ ಅಕ್ಕ ನನ್ನ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ.

"ದಡದಲ್ಲಿ ನಿಂತಿರೋನು ತಟಸ್ಥ, ಒಪ್ಪೋಣ. ಮುಳುಗೋನ ಕಾಲಿಗೆ ಕಟ್ಟೋಕೆ ಕಲ್ಲು ಒದಗಿಸೋನನ್ನ ಏನಂತಾರೆ?" ಎಂದರು. ಆಮೇಲೆ ಪ್ಯಾಕಿಂಗ್ ಕಡೆ ತಲೆ ಆಡಿಸಿ, "ಅದೂ ಅವಳ ಕೈಯಲ್ಲೇ ಕಟ್ಟಿಸ್ತಾ ಇದ್ದಾರಲ್ಲೇ" ಎಂದರು.

"ನಮಗ್ಯಾಕೆ ಅಕ್ಕ? ನಿಮಗೆ ಗ್ಯಾರಂಟಿ ಗೊತ್ತಾ?" ಎಂದೆ.

"ಗ್ಯಾರಂಟಿ ಇಲ್ಲ. ಅದಕ್ಕೇ ಸಹಿ ಹಾಕಲ್ಲ."

ಹಾಕಲಿಲ್ಲ. ಮ್ಯಾನೇಜರನೇ ಸಹಿ ಹಾಕಿ ಕಳಿಸತೊಡಗಿದ. ಅಕ್ಕ ಆ ಕಾಗದಗಳ ಪ್ರತಿ ತೆಗೆದು ಮನೆಗೆ ಒಯ್ಯತೊಡಗಿದರು. ಎಲ್ಲವನ್ನೂ ಜೋಡಿಸಿ, ಪರವಾನಗಿ ಕೊಡುವ ಸರ್ಕಾರದ ಕಚೇರಿಗೆ ಒಟ್ಟಿಗೆ ಕೊಡುವುದು ಅವರ ಲೆಕ್ಕಾಚಾರ. ಗುರುವಾರಗಳಂದು ಒಯ್ಯುವ ಪ್ರತಿಗಳನ್ನು ಇಡುತ್ತಿದ್ದುದು ಹಸಿರು ಚೀಲದ ತಳದಲ್ಲಿ, ಮೊಸರನ್ನದ ಡಬ್ಬಿಯ ಕೆಳಗೆ, ಮಡಿಸಿದ ಪಂಚೆಯ ತುಂಡಿನೊಳಗೆ. ಉಪ್ಪಿನಕಾಯಿ ತೆಗೆಯಲು ಹೋಗಿ ನಾನೇ ಮೊದಲು ಕಂಡದ್ದು. "ಊಟದ ಚೀಲ ಇವರ್ಯಾರೂ ಮುಟ್ಟಲ್ಲ ಬಿಡು" ಎಂದು ಅಕ್ಕ ಕಣ್ಣು ಮಿಟುಕಿಸಿದರು. ಅವರ ಜೀವನದಲ್ಲಿ ಅಷ್ಟು ದೊಡ್ಡ ತಪ್ಪನ್ನು ಇನ್ನೊಂದು ಮಾಡಿರಲಾರರು. ಅನ್ನ ಹಂಚಿಕೊಂಡವಳಿಂದ ಅಪಾಯ ಬರುವುದಿಲ್ಲ ಎಂದುಕೊಂಡಿದ್ದರು.

ಮ್ಯಾನೇಜರ್ ನನ್ನನ್ನು ಕರೆದ. ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ, ಅದರ ಪಕ್ಕದಲ್ಲೇ ನನ್ನ ವರ್ಕ್ ಪರ್ಮಿಟ್ ನವೀಕರಣದ ಫೈಲು. ನನಗಾಗ ಮದುವೆಯಾಗಿ ಮೂರು ತಿಂಗಳು, ಗಂಡ ಮೈಸೂರಿನಲ್ಲಿ ವೀಸಾಕ್ಕೆ ಕಾಯುತ್ತಿದ್ದ. ಈ ಕೆಲಸ ಹೋದರೆ ಪರ್ಮಿಟ್ಟೂ ಹೋಗುತ್ತದೆ, ಅವನ ವೀಸಾವೂ ಹೋಗುತ್ತದೆ. ಆತ ಹೆದರಿಸಲಿಲ್ಲ, ದನಿ ಏರಿಸಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ. ಯಾರೋ ಕಾಗದಗಳ ಪ್ರತಿ ತೆಗೆಯುತ್ತಿದ್ದಾರೆ, ಅವರಿಗೇ ತೊಂದರೆಯಾದೀತು, ನಿಲ್ಲಿಸಿ ಅವರನ್ನು ಉಳಿಸಬೇಕು, ನಿನಗೇನಾದರೂ ತೋಚಿದರೆ ಒಂದು ಸಾಲು ಬರೆದು ಕಳಿಸು. ಫೈಲನ್ನು ಕೈಯಲ್ಲಿ ಎತ್ತಿ, ಇದನ್ನು ಈ ವಾರವೇ ನೋಡುತ್ತೇನೆ ಎಂದ. ನಾನು ಬಿಸ್ಕತ್ತು ತಿಂದೆ.

ಎರಡು ದಿನ ಯೋಚಿಸಿದೆ ಎಂದು ಬರೆದುಕೊಳ್ಳಲು ಆಸೆಯಿದೆ. ಯೋಚಿಸಲಿಲ್ಲ. ಅವತ್ತೇ ಮಧ್ಯಾಹ್ನ, ಅಕ್ಕನ ಕೈಯ ಬಿಸಿಬೇಳೆಭಾತ್ ಉಂಡು, ಕೈ ತೊಳೆದು ಬಂದು ಬರೆದೆ: ಗುರುವಾರ ಊಟದ ಚೀಲ ನೋಡಿ. ಅಕ್ಕನ ಒಳ್ಳೆಯದಕ್ಕೇ ಎಂದು ಮನಸ್ಸಿಗೆ ಹೇಳಿಕೊಂಡೆ. ಎಚ್ಚರಿಕೆ ಕೊಟ್ಟು ಬಿಡುತ್ತಾರೆ, ಹಾವೂ ಸಾಯದು, ಕೋಲೂ ಮುರಿಯದು. ಉಂಡ ಮನೆಗೆ ಎರಡು ಬಗೆಯುವುದು ಎಂದು ನಮ್ಮಲ್ಲಿ ಗಾದೆಯಂತೆ ಹೇಳುತ್ತಾರಲ್ಲ, ನಾನು ಅದನ್ನು ಉಂಡ ಕೈ ಆರುವ ಮೊದಲೇ ಮಾಡಿದೆ.

ಗುರುವಾರ ಸಂಜೆ ಗೇಟಿನಲ್ಲಿ ಅಕ್ಕನನ್ನು ನಿಲ್ಲಿಸಿ ಚೀಲ ತೆಗೆಸಿದರು. ಡಬ್ಬಿಗಳನ್ನು ಒಂದೊಂದಾಗಿ ತೆಗೆದು ಗೋಡೆಯ ಮೇಲೆ ಇಟ್ಟು, ತಳದಲ್ಲಿದ್ದ ಪ್ರತಿಗಳನ್ನು ಕಿತ್ತುಕೊಂಡರು. ಮನೆಗೆ ಹೋಗುವ ಜನವೆಲ್ಲ ನೋಡಿಕೊಂಡು ಹೋದರು. ನಾನು ಟಾಯ್ಲೆಟ್ಟಿನಲ್ಲಿದ್ದೆ.

ಇಲ್ಲಿಯ ಆಫೀಸುಗಳಲ್ಲಿ ಒಂದು ಕ್ರಮವಿದೆ. ವಿಚಾರಣೆಗೆ ಕರೆಸಿಕೊಂಡವರು ಜೊತೆಗೆ ಒಬ್ಬ ಸಹೋದ್ಯೋಗಿಯನ್ನು ಕರೆತರಬಹುದು. ಬಂದವರು ಪಕ್ಕದಲ್ಲಿ ಕೂತು ನಡೆದದ್ದನ್ನು ಬರೆದುಕೊಳ್ಳುತ್ತಾರೆ. ಅಕ್ಕ ಇಬ್ಬರು ಮೂವರನ್ನು ಕೇಳಿದರು, ಎಲ್ಲರಿಗೂ ಅವತ್ತೇ ಏನೋ ಕೆಲಸ. ಕೊನೆಗೆ ನನ್ನ ಬಳಿ ಬಂದರು. "ನಿನ್ನ ಪರ್ಮಿಟ್ಟು ನಡೀತಾ ಇದೆ ಅಂತ ನಿನ್ನ ಕೇಳಬಾರದು ಅಂತಿದ್ದೆ. ಬರ್ತೀಯೇನೇ? ಸುಮ್ನೆ ಕೂತಿದ್ರೆ ಸಾಕು. ಕನ್ನಡದಲ್ಲಿ ಬರ್ಕೋ, ಇವರಿಗೆ ಓದಕ್ಕಾಗಬಾರದು."

"ಆಯ್ತು ಅಕ್ಕ" ಎಂದೆ.

ಆ ಕೋಣೆಯಲ್ಲಿ ನಾವು ನಾಲ್ವರು. ಮ್ಯಾನೇಜರ್, ಎಚ್‌ಆರ್‌ನ ಒಬ್ಬ ಹೆಂಗಸು, ಅಕ್ಕ, ನಾನು. ಮ್ಯಾನೇಜರ್ ನನ್ನತ್ತ ನೋಡಿದ್ದು ಒಮ್ಮೆ ಮಾತ್ರ, ಒಳಗೆ ಬಂದಾಗ. ಅವನ ಮುಖದಲ್ಲೂ ಸಂಕೋಚ ಕಂಡೆ. ಅವನಿಗೇ ನಾಚಿಕೆಯಾಗಿರಬೇಕಾದರೆ ನಾನು ಎಂಥವಳಿರಬೇಕು. ಅಕ್ಕ ನೇರವಾಗಿ ಕೂತು ಗೇಟಿನ ಕಥೆಯೆಲ್ಲ ಹೇಳಿದರು, ಸ್ಕೂಲು, ಪೆಟ್ರೋಲ್ ಬಂಕು, ಮೌನ. ಎಚ್‌ಆರ್‌ನ ಹೆಂಗಸು, ಅದು ಇವತ್ತಿನ ವಿಷಯವಲ್ಲ ಎಂದಳು. ಆಮೇಲೆ ಮ್ಯಾನೇಜರ್, "ನಮಗೆ ಒಳಗಿನಿಂದಲೇ ಒಂದು ಮಾಹಿತಿ ಬಂತು, ಊಟದ ಚೀಲ ನೋಡಿ ಎಂದು" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ಬರೆಯುವುದನ್ನು ಬಿಟ್ಟು ಪೆನ್ನನ್ನು ಹಾಳೆಯಿಂದ ಎತ್ತಿಬಿಟ್ಟೆ. ಆಗ ಮೇಜಿನ ಕೆಳಗೆ ಅಕ್ಕ ನನ್ನ ಎಡಗೈ ಹಿಡಿದುಕೊಂಡರು. ನಾನು ಹೆದರಿದ್ದೇನೆ ಎಂದು ತಿಳಿದಿರಬೇಕು. ಎರಡು ಸಲ ಮೆಲ್ಲಗೆ ಅದುಮಿದರು. ಅವರ ಕೈ ತಣ್ಣಗಿತ್ತು.

ಗುಟ್ಟಿನ ಕಾಗದ ಹೊರಗೊಯ್ದ ತಪ್ಪಿಗೆ ಕೆಲಸ ಹೋಯಿತು. ಮನೆಯಲ್ಲಿದ್ದ ಪ್ರತಿಗಳನ್ನೂ ಕಂಪನಿಯವರು ವಾಪಸು ಪಡೆದರು. ನಾನು ಬರೆದುಕೊಂಡ ಎರಡು ಹಾಳೆಯನ್ನು ಅಕ್ಕ ಮಡಿಸಿ, ಖಾಲಿಯಾದ ಹಸಿರು ಚೀಲದಲ್ಲಿಟ್ಟುಕೊಂಡು ಹೋದರು.

ಮರುದಿನ ಕ್ಯಾಂಟೀನಿನಲ್ಲಿ ಪ್ಯಾಕಿಂಗಿನ ಮುದುಕನೊಬ್ಬ ನನ್ನ ಎದುರು ಬಂದು ಕೂತ. ಇಲ್ಲಿಯವನೇ, ಆ ಕಡೆಯ ಹಳ್ಳಿಯವನು. ನಿನ್ನ ಗೆಳತಿಯ ಮೇಲೆ ಯಾರೋ ಚಾಡಿ ಹೇಳಿದ್ದಾರೆ ಎಂದ. ಅವರ ಹಳ್ಳಿಯಲ್ಲಿ ಒಂದು ಮನೆಯಿದೆಯಂತೆ. ಅಜ್ಜಂದಿರ ಕಾಲದಲ್ಲಿ ಆ ಮನೆಯವನೊಬ್ಬ ನೆರೆಯವನ ಸುಳಿವನ್ನು ಆಗಿನ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟನಂತೆ. ಅವನು ಸತ್ತ, ಮಗ ಸತ್ತ, ಮೊಮ್ಮಗ ಈಗ ಮುದುಕ. ಇವತ್ತಿಗೂ ಅದು ಇನ್ಫಾರ್ಮರನ ಮನೆಯೇ, ಜನ ಅಲ್ಲಿ ಸೈಕಲ್ ಇಳಿಯುವುದಿಲ್ಲ. "ಈ ದೇಶದಲ್ಲಿ ಕೊಲೆಗಾರನನ್ನೂ ಕ್ಷಮಿಸುತ್ತೇವೆ, ಸುಳಿವು ಕೊಟ್ಟವನನ್ನಲ್ಲ" ಎಂದು ಟೀ ಕುಡಿದ. ಅವನು ನನಗೆ ಸಮಾಧಾನ ಹೇಳಲು ಬಂದಿದ್ದ.

ಆರು ವಾರಕ್ಕೆ ಅಕ್ಕನ ಕುರ್ಚಿಗೆ ನನ್ನನ್ನು ಹಾಕಿದರು. ಪರ್ಮಿಟ್ ಬಂತು, ಗಂಡ ಬಂದ. ಕಾಗದಗಳಿಗೆ ನಾನು ಸಹಿ ಹಾಕಿದೆ. ಒಂದು ಮಧ್ಯಾಹ್ನ ಆ ವ್ಯಾಪಾರಿಯ ನಂಬರಿಗೆ ಫೋನ್ ಮಾಡಿದ್ದೂ ಉಂಟು. ಆ ಕಡೆ ಒಬ್ಬ ಹಲೋ ಎಂದ. ಗೇಟಿನ ಮಾತು ಗಂಟಲಿಗೆ ಬಂತು. ಮುಂದಿನ ಸರಕು ಸೋಮವಾರ ಹೊರಡುತ್ತದೆ ಎಂದು ಹೇಳಿ ಇಟ್ಟೆ. ಗಾಜಿನ ಆಚೆ ಆ ಉಕ್ರೇನಿನ ಹೆಂಗಸು ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದಳು. ಆ ಪೆಟ್ಟಿಗೆಗಳು ಕೊನೆಗೆ ಎಲ್ಲಿಗೆ ಹೋದವು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಎರಡು ವರ್ಷ ಆ ಕುರ್ಚಿಯಲ್ಲಿದ್ದು, ಕಂಪನಿಯ ಹಂಗಿಲ್ಲದೆ ಈ ದೇಶದಲ್ಲಿ ಇರಬಹುದೆಂಬ ಮುದ್ರೆ ಪಾಸ್‌ಪೋರ್ಟಿಗೆ ಬಿದ್ದ ಮೇಲೆ ಲೀಕ್ಸ್‌ಲಿಪ್ಪಿಗೆ ಬಂದೆ.

ಅಕ್ಕ ಭಾವನ ಬಳಿ ಡಬ್ಲಿನ್ನಿಗೆ ಹೋದರು. ಕಾಗದವಿಲ್ಲದೆ, ನೆನಪಿನಿಂದಲೇ ಸರ್ಕಾರಕ್ಕೆ ಪತ್ರ ಬರೆದರು. ನಿಮ್ಮ ಪತ್ರ ತಲುಪಿದೆ ಎಂದು ಉತ್ತರ ಬಂತಂತೆ. ಸಂಘದಲ್ಲಿ ಮಾತು ಬೇರೆಯೇ ಆಗಿತ್ತು. ಯುಗಾದಿಯ ಊಟದಲ್ಲಿ ನನ್ನ ಪಕ್ಕದ ಎಲೆಯಲ್ಲಿ ಕೂತವರು, "ಕಂಪನಿಯಿಂದ ಏನೋ ಕದ್ರಂತಲ್ರೀ. ಗೇಟಲ್ಲೇ ಹಿಡಿದ್ರಂತೆ" ಎಂದರು. ನಾನು ಕೋಸಂಬರಿ ಬಡಿಸಿಕೊಂಡೆ. ಅದಾದ ಮೇಲೆ ಪುಳಿಯೋಗರೆ ಗೊಜ್ಜು ಮಾಡಿಕೊಡಿ ಎಂದು ಯಾರೂ ಅಕ್ಕನಿಗೆ ಫೋನ್ ಮಾಡಲಿಲ್ಲ. ಅವರೂ ಬರಲಿಲ್ಲ. ನನಗೆ ಮಾತ್ರ ಹಬ್ಬಕ್ಕೊಮ್ಮೆ ಚಟ್ನಿಪುಡಿ ಪಾರ್ಸೆಲ್ ಬರುತ್ತಿತ್ತು. ತಿನ್ನಲಾರೆ, ಎಸೆಯಲಾರೆ. ಈಗಲೂ ಕಪಾಟಿನಲ್ಲಿ ಮೂರು ಬಾಟಲಿಗಳಿವೆ.

ಕಳೆದ ಭಾನುವಾರ ಇಲ್ಲಿಯವರೆಗೆ ಬರೆದದ್ದನ್ನು ಹಿಡಿದುಕೊಂಡು ಬ್ಯೂಮಾಂಟ್‌ಗೆ ಹೋದೆ. ಅಚ್ಚಾದರೆ ನನ್ನ ಈಗಿನ ಕೆಲಸಕ್ಕೂ ಕುತ್ತು ಬರಬಹುದು. ಆದರೆ ಅಕ್ಕ ಕಳ್ಳಿಯಲ್ಲ ಎಂದು ಹೇಳಬಲ್ಲವಳು ನಾನೊಬ್ಬಳೇ, ಹೇಳುವುದಕ್ಕೆ ಮೊದಲು ಭಾವನಿಗೆ ಓದಿ ಹೇಳಬೇಕಿತ್ತು. ಭಾವ ಅಡುಗೆಮನೆಯ ಮೇಜಿನ ಬಳಿ ಕೂತು ಕೇಳಿದರು. ಮುಗಿದ ಮೇಲೆ ಎದ್ದು ಹೋಗಿ ಎರಡು ಹಾಳೆ ತಂದು ನನ್ನ ಮುಂದಿಟ್ಟರು. ನನ್ನದೇ ಅಕ್ಷರ, ವಿಚಾರಣೆಯ ದಿನದ್ದು.

"ಎಲ್ಲ ಬರೆದಿದ್ದೀಯ ಇದರಲ್ಲಿ. ಅವಳು ಕೆಮ್ಮಿದ್ದೂ ಬರೆದಿದ್ದೀಯ. ಒಳಗಿಂದ ಮಾಹಿತಿ ಬಂತು ಅಂತ ಅವನು ಹೇಳಿದ್ದೊಂದು ಇಲ್ಲ. ಅದನ್ನ ಅವಳು ಬಾಯಲ್ಲಿ ಹೇಳಿದ್ಲು" ಎಂದರು.

ಎರಡೂ ಹಾಳೆ ತಿರುಗಿಸಿ ನೋಡಿದೆ. "ಅಕ್ಕನಿಗೂ ಗೊತ್ತಿತ್ತಾ?" ಎಂದೆ.

"ನಾನು ಹೇಳ್ದೆ. ಆ ಹುಡುಗಿನೇ ಕಣೆ ಅಂತ ಹೇಳ್ದೆ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ‘ನನ್ನ ಪಕ್ಕ ಬಂದು ಕೂತಿದ್ದು ಅವಳೊಬ್ಬಳೇ, ಇನ್ನೊಂದು ಸಲ ಹಾಗಂದ್ರೆ ನೋಡಿ’ ಅಂದ್ಲು. ಆಮೇಲೆ ನಾನು ಆ ಮಾತು ಎತ್ತಲಿಲ್ಲ. ಸಾಯೋವರೆಗೂ ನಂಬಲಿಲ್ಲ ಅವಳು."

"ಮತ್ತೆ ನನ್ನನ್ನೇ ಯಾಕೆ ಬರೀ ಅಂದ್ರಿ ಭಾವ?"

"ಏನು ಬರೀತೀಯ ನೋಡೋಣ ಅಂತ."

ಕ್ಷಮಿಸಿ ಎಂದೆ. ಅವರು ಗ್ರ್ಯಾಂಡ್ ಎನ್ನಲಿಲ್ಲ. ಹಾಳೆಗಳನ್ನು ಮೊದಲಿದ್ದ ಹಾಗೆಯೇ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು. ನಾನು ಕೋಟು ಹಾಕಿಕೊಂಡು ಬಾಗಿಲ ಬಳಿ ಹೋದಾಗ ಹಿಂದಿನಿಂದ ಮಾತಾಡಿದರು.

"ಸಂಚಿಕೆಗೆ ಇದನ್ನೇ ಕೊಡು. ಅವಳ ಹೆಸರು ಹಾಕಬೇಡ, ಅವರೆಲ್ಲ ಆ ಹೆಸರನ್ನ ಬೇಕಾದಷ್ಟು ಆಡ್ಕೊಂಡಿದ್ದಾರೆ. ನಿನ್ನ ಹೆಸರು ಹಾಕು."

ಆಯ್ತು ಭಾವ ಎಂದೆ. ನನ್ನ ಹೆಸರು ಸುಚೇತಾ. ಊಟದ ಚೀಲ ನೋಡಿ ಎಂದು ಬರೆದವಳು ನಾನು.